ಕೋಳಿಗಳು ಒಂದರ ಪುಕ್ಕ ಇನ್ನೊಂದು ಕೀಳುತ್ತಿದ್ದರೆ: ಗಾಯದ ಆರೈಕೆಯೂ ಕುಕ್ಕಾಟದ ಮೂಲವೂ

ಕೋಳಿಯ ಮೈಮೇಲೆ ಈಗಷ್ಟೇ ರಕ್ತ ಕಂಡು ಗಾಬರಿಯಲ್ಲಿ ಇದನ್ನು ಓದುತ್ತಿದ್ದರೆ, ಓದುವುದನ್ನು ನಿಲ್ಲಿಸಿ. ಮೊದಲು ಆ ಕೋಳಿಯನ್ನು ಗುಂಪಿನಿಂದ ಎತ್ತಿ ಬೇರೆ ಕಡೆ ಇಡಿ, ಆಮೇಲೆ ಬಂದು ಓದಿ. ಕೋಳಿಗಳಿಗೆ ಕೆಂಪು ಬಣ್ಣ ಚೆನ್ನಾಗಿ ಕಾಣುತ್ತದೆ, ಕಂಡದ್ದನ್ನು ಕುಕ್ಕಿ ನೋಡುವುದು ಅವುಗಳ ಸ್ವಭಾವ. ಒಂದು ಕುಕ್ಕಿದ್ದನ್ನು ನೋಡಿ ಎರಡನೆಯದು ಬರುತ್ತದೆ, ರುಚಿ ಹತ್ತಿದ ಮೇಲೆ ಮೂರನೆಯದನ್ನು ತಡೆಯುವುದು ಕಷ್ಟ. ಬೆಳಿಗ್ಗೆ ಒಂದು ಚುಕ್ಕೆ ರಕ್ತ ಇದ್ದ ಕೋಳಿ ಸಂಜೆಯ ಹೊತ್ತಿಗೆ ಸತ್ತೇ ಹೋಗಿರಬಹುದು.

ನಾನು ಇದನ್ನೆಲ್ಲ ಕಲಿತದ್ದು ನನ್ನ ಒಂದು ಕಂದು ಹೇಂಟೆಯಿಂದ. ಬಾಲದ ಬುಡದಲ್ಲಿ ನಾಲ್ಕು ಬೆರಳು ಅಗಲ ಬೋಳಾಗಿತ್ತು, ಪುಕ್ಕ ಉದುರುವ ಕಾಲ ಇರಬೇಕು ಅಂತ ನಾನು ಎರಡು ವಾರ ಸುಮ್ಮನಿದ್ದೆ. ಒಂದು ದಿನ ಸಂಜೆ ಎತ್ತಿ ನೋಡಿದರೆ ಚರ್ಮ ಹರಿದು ಒಳಗಿನ ಮಾಂಸ ಕಾಣುತ್ತಿತ್ತು. ಆ ಕೋಳಿ ಒಂದು ಸದ್ದೂ ಮಾಡಿರಲಿಲ್ಲ. ನೋವು ಮುಚ್ಚಿಡುವುದು ಕೋಳಿಗಳ ಗುಣ, ಮೇಯುತ್ತಾ ಇದೆ ಅಂದರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಅವತ್ತಿನಿಂದ ವಾರಕ್ಕೆ ಒಂದು ಸಲ ಪ್ರತಿ ಕೋಳಿಯನ್ನೂ ಕೈಗೆ ತಗೊಂಡು, ಪುಕ್ಕ ಸರಿಸಿ ನೋಡುತ್ತೇನೆ.

ಮೊದಲು ಗಾಯ

ಹಿಡಿಯುವಾಗ ಅಟ್ಟಿಸಿಕೊಂಡು ಹೋಗಬೇಡಿ. ಓಡಿದಷ್ಟೂ ರಕ್ತ ಜಾಸ್ತಿ ಹರಿಯುತ್ತದೆ. ಮೂಲೆಗೆ ಸರಿಸಿ, ಒಂದು ಟವೆಲ್ ಮೇಲೆ ಹಾಕಿ, ಎರಡೂ ರೆಕ್ಕೆ ಮೈಗೆ ಸೇರುವ ಹಾಗೆ ಸುತ್ತಿಕೊಳ್ಳಿ. ಎದೆಯನ್ನು ಮಾತ್ರ ಬಿಗಿಯಾಗಿ ಒತ್ತಬಾರದು. ಕೋಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ ಹೊಟ್ಟೆಯ ನಡುವೆ ಉಸಿರಾಡಿಸುವ ಸ್ನಾಯುವಿನ ಪರದೆ, ಇಲ್ಲ, ಎದೆಮೂಳೆ ಹಿಂದೆ ಮುಂದೆ ಆಡಿದರೇನೇ ಉಸಿರು, ಅದನ್ನು ಅಮುಕಿ ಹಿಡಿದರೆ ಕೈಯಲ್ಲೇ ಉಸಿರುಗಟ್ಟುತ್ತದೆ.

ರಕ್ತ ಇನ್ನೂ ಬರುತ್ತಿದ್ದರೆ ಒಗೆದ ಹತ್ತಿ ಬಟ್ಟೆ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ. ನಿಂತಿತಾ ಅಂತ ನಡುವೆ ಎತ್ತಿ ಎತ್ತಿ ನೋಡಿದರೆ ಕಟ್ಟಿದ ಹೆಪ್ಪು ಕಿತ್ತು ಬಂದು ಮತ್ತೆ ಶುರುವಾಗುತ್ತದೆ. ಉಗುರು ಮುರಿದಿದ್ದರೆ ಅಥವಾ ಕೊಕ್ಕಿನ ತುದಿ ಚಿವುಟಿ ಹೋಗಿದ್ದರೆ ಮೆಕ್ಕೆಜೋಳದ ನುಣ್ಣನೆಯ ಪಿಷ್ಟ (ಕಾರ್ನ್‌ಫ್ಲೋರ್) ಅದ್ದಿ ಒತ್ತಿದರೂ ರಕ್ತ ನಿಲ್ಲುತ್ತದೆ, ಆದರೆ ಆಳವಾದ ಗಾಯದ ಒಳಗೆ ಅದನ್ನು ತುಂಬಬೇಡಿ. ಎರಡು ಕೆಜಿ ತೂಗುವ ಕೋಳಿಯ ಮೈಯಲ್ಲಿ ಇರುವುದೇ ಸುಮಾರು 120ರಿಂದ 160 ಮಿಲಿ ರಕ್ತ. ಹಾಗಾಗಿ ಹದಿನೈದು ನಿಮಿಷ ಆದರೂ ನಿಲ್ಲದಿದ್ದರೆ ಕಾಯಬೇಡಿ, ಪಶುವೈದ್ಯರ ಹತ್ತಿರ ಹೊರಡಿ.

ಎಳೆ ಗರಿಯ ವಿಷಯ ಸ್ವಲ್ಪ ಬೇರೆ. ಹೊಸದಾಗಿ ಹುಟ್ಟುವ ಗರಿ ಮುಳ್ಳಿನ ಹಾಗೆ ಎದ್ದು ನಿಂತಿರುತ್ತದೆ, ಅದರ ಕೊಳವೆಯ ಬುಡ ಕಪ್ಪು ನೀಲಿ ಕಾಣುತ್ತದೆ. ಆ ಬಣ್ಣವೇ ರಕ್ತ. ಗರಿ ಬೆಳೆದು ಮುಗಿಯುವವರೆಗೂ ಒಳಗೆ ರಕ್ತನಾಳ ಜೀವಂತ ಇರುತ್ತದೆ, ಇನ್ನೊಂದು ಕೋಳಿ ಅದನ್ನು ಕುಕ್ಕಿ ಮುರಿದರೆ ಗಾತ್ರಕ್ಕೆ ಮೀರಿ ರಕ್ತ ಸುರಿಯುತ್ತದೆ. ಸಾಮಾನ್ಯವಾಗಿ ಒತ್ತಿ ಹಿಡಿದರೆ ನಿಲ್ಲುತ್ತದೆ. ನಿಲ್ಲದಿದ್ದರೆ ಆ ಗರಿಯನ್ನು ಬುಡಸಮೇತ ತೆಗೆಯಬೇಕಾಗುತ್ತದೆ, ರೆಕ್ಕೆಯ ಗರಿಯಾದರೆ ಅದು ಮೂಳೆಗೆ ಅಂಟಿಕೊಂಡಿರುವುದರಿಂದ ಅನುಭವ ಇದ್ದವರ ಕೈಯಲ್ಲೇ ಮಾಡಿಸಿ.

ಈಗ ತೊಳೆಯುವುದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಮಟ್ಟವಾಗಿ ಒಂದೂವರೆ ಟೀ ಚಮಚ. ಉಗುರು ಬೆಚ್ಚಗೆ ಇರಲಿ. ಸೂಜಿ ತೆಗೆದ ಸಿರಿಂಜಿನಲ್ಲಿ ತುಂಬಿಕೊಂಡು ಗಾಯದ ಮೇಲೆ ಹಾಯಿಸಿ. ಹತ್ತಿಯಿಂದ ಉಜ್ಜಬೇಡಿ, ಅದರ ನೂಲು ಗಾಯಕ್ಕೆ ಅಂಟಿಕೊಳ್ಳುತ್ತದೆ. ನೀರು ಧಾರಾಳವಾಗಿ ಬಳಸಿ, ಮಣ್ಣು, ಹಿಕ್ಕೆ, ಒಣಗಿದ ರಕ್ತ ಎಲ್ಲ ಹೋಗುವವರೆಗೂ. ಸುತ್ತಲಿನ ಪುಕ್ಕ ಗಾಯಕ್ಕೆ ತಾಗುತ್ತಿದ್ದರೆ ಕತ್ತರಿಯಿಂದ ಕತ್ತರಿಸಿ, ಕೀಳಬೇಡಿ, ಮತ್ತು ಆ ಕಪ್ಪು ನೀಲಿ ಬುಡದ ಎಳೆ ಗರಿಗಳಿಗೆ ಕತ್ತರಿ ತಾಗಿಸಲೇಬೇಡಿ. ಆಮೇಲೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರಲ್ಲಿ ಕಲಸಿ ಒಂದು ಸಲ ಹಾಯಿಸಿ. ಗಟ್ಟಿಯಾಗಿ ಹಚ್ಚಿದರೆ ಬೇಗ ಮಾಯುತ್ತದೆ ಅನ್ನುವುದು ತಪ್ಪು, ಹುಟ್ಟುತ್ತಿರುವ ಹೊಸ ಚರ್ಮವೇ ಸುಡುತ್ತದೆ. ಸ್ಪಿರಿಟ್ ಬೇಡ. ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ, ನೊರೆ ಬಂದರೆ ಶುಭ್ರ ಆಗುತ್ತಿದೆ ಅನ್ನಿಸುತ್ತದೆ, ಆದರೆ ಅದು ಒಳ್ಳೆಯ ಅಂಗಾಂಶವನ್ನೂ ಹಾಳು ಮಾಡುತ್ತದೆ.

ಮುಲಾಮು ಹಚ್ಚುವುದಾದರೆ ತೀರಾ ತೆಳುವಾಗಿ. ಜಿಡ್ಡು ಪುಕ್ಕಕ್ಕೆ ಹತ್ತಿದರೆ ಮೈ ಬೆಚ್ಚಗಿಡುವ ಗುಣವೇ ಹೋಗುತ್ತದೆ. ಡಬ್ಬಿಯ ಮೇಲೆ ಓದಿ ನೋಡಿ: ಬೆಂಜೋಕೇನ್, ಲಿಡೋಕೇನ್ ಅಂತ "ಕೇನ್" ಕೊನೆಗೆ ಬರುವ ಮರಗಟ್ಟಿಸುವ ಔಷಧಿ ಸೇರಿದ್ದರೆ ವೈದ್ಯರು ಹೇಳದೆ ಹಚ್ಚಬೇಡಿ, ಹಕ್ಕಿಗಳಿಗೆ ಅದರ ಪ್ರಮಾಣ ಸ್ವಲ್ಪ ಮೀರಿದರೂ ಅಪಾಯ. ನಾವು ನುಂಗುವ ನೋವಿನ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಕೊಡುವುದೂ ಹಾಗೆಯೇ, ಬೇಡ. ಇನ್ನು ಔಷಧಿ ಯಾವುದೇ ಇರಲಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಕೇಳಿ ತಿಳಿದುಕೊಳ್ಳಿ.

ಚರ್ಮ ಒಂದೆರಡು ದಿನದಲ್ಲಿ ಹಸಿರಾದರೆ ಕೊಳೆಯುತ್ತಿದೆ ಅಂತ ಹೆದರಬೇಡಿ. ನಮಗೆ ಪೆಟ್ಟು ಬಿದ್ದರೆ ನೀಲಿಗಟ್ಟುತ್ತದೆ, ಕೋಳಿಗೆ ಹಸಿರುಗಟ್ಟುತ್ತದೆ, ಅಷ್ಟೇ. ಕೆಟ್ಟ ವಾಸನೆ, ತಣ್ಣಗೆ ಕಪ್ಪಾದ ಚರ್ಮ, ಒದ್ದೆ ಒದ್ದೆ ಜಿನುಗು, ಇವು ಇದ್ದರೆ ಮಾತ್ರ ಹೆದರಬೇಕು. ಕೋಳಿಯ ಕೀವು ಕೂಡ ನಮ್ಮದರ ಹಾಗೆ ಹರಿಯುವುದಿಲ್ಲ, ಹಳದಿ ಮೇಣದ ಹಾಗೆ ಗಟ್ಟಿಯಾಗಿ ಗಂಟು ಕಟ್ಟುತ್ತದೆ. ಹಿಂಡಿ ತೆಗೆಯೋಣ ಅಂತ ಹೋದರೆ ಬರುವುದಿಲ್ಲ, ವೈದ್ಯರೇ ಬಿಡಿಸಿ ತೆಗೆಯಬೇಕು.

ನೊಣದ ಬಗ್ಗೆ ಒಂದು ಮಾತು, ಯಾಕೆಂದರೆ ಗಾಯಕ್ಕಿಂತ ಹುಳದಿಂದ ಸಾಯುವ ಕೋಳಿಗಳೂ ಇವೆ. ಗಾಯದ ಅಂಚಿನ ಪುಕ್ಕದ ಮೇಲೆ ಸಣ್ಣ ಬಿಳಿ ಕಡ್ಡಿಚೂರಿನ ಹಾಗೆ ಗುಂಪಾಗಿ ಅಂಟಿಕೊಂಡದ್ದು ನೊಣದ ಮೊಟ್ಟೆ, ಒಂದು ದಿನದ ಒಳಗೇ ಅದು ಒಡೆದು ಹುಳ ಆಗುತ್ತದೆ. ಬೆಳಿಗ್ಗೆ, ಸಂಜೆ, ಎರಡು ಹೊತ್ತೂ ನೋಡಿ. ಮೊಟ್ಟೆ ಕಂಡರೆ ಆ ಪುಕ್ಕವನ್ನೇ ಕತ್ತರಿಸಿ ಎಸೆಯಿರಿ. ಹುಳ ಬಿದ್ದಿದ್ದರೆ ಉಪ್ಪುನೀರು ಹಾಯಿಸುತ್ತಾ ಚಿಮುಟದಿಂದ ಒಂದೊಂದಾಗಿ ತೆಗೆಯಿರಿ, ಮತ್ತು ಅವತ್ತೇ ವೈದ್ಯರಿಗೆ ತೋರಿಸಿ, ಕಾಣುವುದಕ್ಕಿಂತ ಜಾಸ್ತಿ ಚರ್ಮದ ಕೆಳಗೆ ಇರುತ್ತವೆ. ಗಾಯಾಳು ಕೋಳಿ ಇರುವ ಪೆಟ್ಟಿಗೆಗೆ ಸೊಳ್ಳೆ ಪರದೆ ಹೊದಿಸುವುದು ಇದಕ್ಕೇ.

ತಲೆಯ ಗಾಯ ನೋಡಲು ಭಯಂಕರ. ನೆತ್ತಿಯ ಚರ್ಮ ಪೂರ್ತಿ ಸುಲಿದು ಹೋದ ಕೋಳಿಯೂ ಸರಿಯಾಗಿ ತೊಳೆದು, ಒಣಗದ ಹಾಗೆ ನೋಡಿಕೊಂಡರೆ ಬದುಕುತ್ತದೆ, ಸುತ್ತಲಿಂದ ಚರ್ಮ ನಿಧಾನ ಒಳಕ್ಕೆ ಬೆಳೆದು ಮುಚ್ಚಿಕೊಳ್ಳುತ್ತದೆ. ಆದರೆ ಮೂಳೆ ಕಾಣುತ್ತಿದ್ದರೆ, ಚರ್ಮದ ತುಂಡು ಜೋತುಬಿದ್ದಿದ್ದರೆ, ಕಣ್ಣಿಗೆ ಏಟಾಗಿದ್ದರೆ, ಒಂದು ದಿನ ಪೂರ್ತಿ ನೀರು ಮೇವು ಮುಟ್ಟದಿದ್ದರೆ, ಜುಟ್ಟು ಬಿಳಿಚಿಕೊಂಡಿದ್ದರೆ ಅಥವಾ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಮನೆಮದ್ದಿನಲ್ಲಿ ಸಮಯ ಕಳೆಯಬೇಡಿ.

ಮೊಟ್ಟೆ ಬರುವ ಜಾಗಕ್ಕೆ ಕುಕ್ಕಿದ್ದರೆ

ಇದು ಎಲ್ಲಕ್ಕಿಂತ ಕೆಟ್ಟದ್ದು, ಎಲ್ಲಕ್ಕಿಂತ ಬೇಗ ಕೊಲ್ಲುವುದು. ಯಾಕೆ ಆಗುತ್ತದೆ ಅಂತ ತಿಳಿದರೆ ತಡೆಯುವುದು ಸುಲಭ. ಮೊಟ್ಟೆ ಇಡುವಾಗ ಒಳಗಿನ ಕೆಂಪು ಪೊರೆ ಮೊಟ್ಟೆಯ ಜೊತೆ ಹೊರಗೆ ಮಡಚಿಕೊಂಡು ಬರುತ್ತದೆ, ಮೊಟ್ಟೆ ಬಿದ್ದ ಮೇಲೆ ಸ್ವಲ್ಪ ಹೊತ್ತಿನಲ್ಲಿ ತಾನೇ ಒಳಗೆ ಹೋಗುತ್ತದೆ. ಆ ಸ್ವಲ್ಪ ಹೊತ್ತು ಅದು ಒದ್ದೆಯಾಗಿ, ಹೊಳೆಯುತ್ತಾ, ಕೆಂಪಗೆ ಕಾಣುತ್ತಿರುತ್ತದೆ. ಮೊಟ್ಟೆ ಇಡುವ ಜಾಗ ಬೆಳಕಾಗಿದ್ದರೆ, ಅಥವಾ ಕೋಳಿ ನೆಲದ ಮೇಲೆ ಎಲ್ಲರ ಎದುರಿಗೇ ಮೊಟ್ಟೆ ಇಟ್ಟರೆ, ಹಿಂದೆ ನಿಂತ ಕೋಳಿಗೆ ಬೇರೆ ಏನು ಬೇಕು? ಹೊಸದಾಗಿ ಮೊಟ್ಟೆಗೆ ಬಂದ ಎಳೆಯ ಹೇಂಟೆಗಳಿಗೆ, ದೊಡ್ಡ ಮೊಟ್ಟೆ ಇಡುವ ಅಥವಾ ಕೊಬ್ಬು ಬೆಳೆದ ಕೋಳಿಗಳಿಗೆ ಅದು ಒಳಗೆ ಹೋಗಲು ತಡ ಆಗುತ್ತದೆ, ಅವಕ್ಕೇ ಅಪಾಯ ಜಾಸ್ತಿ.

ಪೊರೆ ಹೊರಗೇ ಉಳಿದಿದ್ದು, ಹರಿದಿಲ್ಲ, ಕೆಂಪಾಗಿ ತೇವ ಇದೆ ಅಂದರೆ ಹೀಗೆ ಮಾಡಿ. ಕೈಗೆ ಗ್ಲೌಸ್ ಹಾಕಿ ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆಯಿರಿ. ಊದಿದ್ದರೆ ಸಕ್ಕರೆಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಹತ್ತು ನಿಮಿಷ ಹಚ್ಚಿಡಿ, ಅದು ಊತದ ನೀರು ಎಳೆದುಕೊಳ್ಳುತ್ತದೆ. ತೊಳೆದು, ನೀರಿನಂಶದ ಜಾರುವ ಜೆಲ್ ಹಚ್ಚಿ, ಬೆರಳಿನಿಂದ ಮೆಲ್ಲಗೆ ಒಳಗೆ ತಳ್ಳಿ ಒಂದೆರಡು ನಿಮಿಷ ಹಾಗೇ ಹಿಡಿಯಿರಿ. ಒಳಗೆ ಮೊಟ್ಟೆ ಸಿಕ್ಕಿದ ಹಾಗೆ ಕೈಗೆ ತಾಗಿದರೆ ತಳ್ಳಬೇಡಿ, ವೈದ್ಯರಿಗೆ ಬಿಡಿ. ಆಮೇಲೆ ಕೋಳಿಯನ್ನು ಮಬ್ಬುಗತ್ತಲ ಜಾಗದಲ್ಲಿ ಇಡಿ, ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ಬೆಳಕು ಬೇಡ. ಬೆಳಕು ಕಡಿಮೆಯಾದರೆ ಕೆಲವು ದಿನದಲ್ಲಿ ಮೊಟ್ಟೆ ನಿಲ್ಲುತ್ತದೆ, ಆ ಜಾಗಕ್ಕೆ ವಿಶ್ರಾಂತಿ ಸಿಗುತ್ತದೆ. ಮತ್ತೆ ಮತ್ತೆ ಹೊರಗೆ ಬಂದರೆ, ಹರಿದಿದ್ದರೆ, ಕಪ್ಪಾಗಿದ್ದರೆ ವೈದ್ಯರು ಬೇಕೇ ಬೇಕು. ಕರುಳು ಹೊರಗೆ ಎಳೆದು ಹೋಗಿದ್ದರೆ ಉಳಿಸುವುದು ಬಹಳ ಕಷ್ಟ. ಅಂಥ ಕೋಳಿಯನ್ನು ನರಳಲು ಬಿಡದೆ ನೋವಿಲ್ಲದ ಕೊನೆ ಕೊಡಿಸುವುದೇ ಅದಕ್ಕೆ ಮಾಡುವ ಒಳ್ಳೆಯದು. ಹೇಳಲು ಕಷ್ಟ, ಆದರೆ ನಿಜ.

ಬೇರೆ ಇಟ್ಟ ಕೋಳಿಯನ್ನು ಎಲ್ಲಿಡಬೇಕು

ದೂರ ಒಯ್ದು ಮುಚ್ಚಿಡಬೇಡಿ. ಗುಂಪು ಕಾಣುವ ಹಾಗೆ, ಸದ್ದು ಕೇಳುವ ಹಾಗೆ, ನಡುವೆ ಜಾಲರಿ ಇಟ್ಟು ಇರಿಸಿ. ಕೋಳಿಗಳಲ್ಲಿ ಯಾರು ಮೇಲು, ಯಾರು ಕೆಳಗೆ ಅನ್ನುವ ಗಟ್ಟಿ ಸರದಿ ಇರುತ್ತದೆ. ನಾರ್ವೆಯ ಪ್ರಾಣಿಶಾಸ್ತ್ರಜ್ಞ ಶೆಲ್ಡರಪ್ ಎಬ್ಬೆ ಇದನ್ನು ಮೊದಲು ವಿವರಿಸಿ ಬರೆದದ್ದು 1921ರ ಸುಮಾರಿಗೆ, ಕೋಳಿಗಳನ್ನೇ ನೋಡಿ. ಒಂದು ಕೋಳಿ ಕೆಲವು ದಿನ ಕಣ್ಮರೆಯಾದರೆ ಆ ಸರದಿಯಲ್ಲಿ ಅದರ ಜಾಗ ಹೋಗುತ್ತದೆ, ವಾಪಸ್ ಬಂದಾಗ ಹೊಸಬಳ ಹಾಗೆ ಏಟು ತಿನ್ನಬೇಕಾಗುತ್ತದೆ. ಜಾಲರಿಯ ಆಚೆ ಕಾಣುತ್ತಾ ಇದ್ದರೆ ಆ ಹೊಡೆದಾಟ ಕಡಿಮೆ.

ಯಾವಾಗ ವಾಪಸ್ ಬಿಡಬೇಕು? ಹಕ್ಕಳೆ ತಾನಾಗಿ ಉದುರಿ, ಕೆಳಗೆ ಒಣ ಚರ್ಮ ಮೂಡಿದ ಮೇಲೆ. ಮೇಲ್ಮೈ ಗಾಯಕ್ಕೆ ಒಂದೆರಡು ವಾರ, ಆಳದ್ದಕ್ಕೆ ಇನ್ನೂ ಜಾಸ್ತಿ. ಮೊದಲು ಗುಂಪಿನ ಒಂದು ಸಾಧು ಕೋಳಿಯನ್ನು ಅದರ ಜೊತೆ ಎರಡು ದಿನ ಬಿಡಿ, ಆಮೇಲೆ ಇಬ್ಬರನ್ನೂ ಒಟ್ಟಿಗೆ ಒಳಗೆ ಬಿಡಿ. ಅವತ್ತು ಮೇವಿನ ಪಾತ್ರೆ ಎರಡು ಮೂರು ಕಡೆ ಇರಲಿ, ನೀವೂ ಒಂದು ಗಂಟೆ ಅಲ್ಲೇ ಇರಿ.

ಬೋಳು ಚರ್ಮವೂ ಕೆಂಪಗೇ ಕಾಣುತ್ತದೆ, ಬಿಸಿಲಿಗೆ ಸುಡುತ್ತದೆ ಕೂಡ. ಅದಕ್ಕೆ ಬೆನ್ನಿಗೆ ಬಟ್ಟೆಯ ಹೊದಿಕೆ ತೊಡಿಸಬಹುದು. ಎರಡು ರೆಕ್ಕೆಗೂ ಇಲಾಸ್ಟಿಕ್ ಕುಣಿಕೆ, ಬೆನ್ನು ಮುಚ್ಚುವಷ್ಟು ದಪ್ಪ ಹತ್ತಿ ಬಟ್ಟೆ, ಇಷ್ಟೇ. ಇಲಾಸ್ಟಿಕ್ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಕೆಂಪು ಬಟ್ಟೆ ಬೇಡ, ನೇತಾಡುವ ದಾರ ಬೇಡ. ತೆರೆದ ಗಾಯದ ಮೇಲೆ ಇದನ್ನು ಹಾಕಬಾರದು, ತೇವ ಕಟ್ಟಿ ಕೊಳೆಯುತ್ತದೆ.

ಬೋಳಾದ ಜಾಗ ಎಲ್ಲಿದೆ ಅಂತ ನೋಡಿ

ಗಾಯ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಅಲ್ವಾ? ಯಾಕಾಯಿತು ಅಂತ ಅವತ್ತೇ ಹುಡುಕಲು ಶುರು ಮಾಡಿ, ಇಲ್ಲದಿದ್ದರೆ ನಾಳೆ ಇನ್ನೊಂದು ಕೋಳಿ. ಬೋಳಾದ ಜಾಗವೇ ಅರ್ಧ ಉತ್ತರ ಹೇಳುತ್ತದೆ.

ಬಾಲದ ಬುಡ, ಬೆನ್ನಿನ ಹಿಂಭಾಗ, ಬಾಲದ ಗರಿಗಳು ಚಿಂದಿಯಾಗಿದ್ದರೆ ಅದು ಪುಕ್ಕ ಕೀಳುವ ಚಟ. ಬೆನ್ನಿನ ನಡುಭಾಗದ ಎರಡೂ ಪಕ್ಕ ಮತ್ತು ಕುತ್ತಿಗೆಯ ಹಿಂದೆ ಬೋಳಾಗಿದ್ದರೆ ಅದು ಹುಂಜನ ಕೆಲಸ, ಮೇಲೇರುವಾಗ ಕಾಲಿನಿಂದ ತುಳಿದು ಕೊಕ್ಕಿನಿಂದ ಕತ್ತು ಹಿಡಿದದ್ದರ ಗುರುತು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಅದರ ಕಾಲಿನ ಚೂಪು ಮುಳ್ಳಿನ ತುದಿಯನ್ನು ಉಜ್ಜಿ ಮೊಂಡು ಮಾಡಿ. ಜುಟ್ಟು, ಮುಖದ ಮೇಲೆ ಗಾಯ ಅಂದರೆ ಜಗಳ, ಮೇವಿಗೋ ಜಾಗಕ್ಕೋ. ಮೊಟ್ಟೆಯ ದ್ವಾರದ ಸುತ್ತ ಪುಕ್ಕ ಉದುರಿ ಚರ್ಮ ಒರಟಾಗಿದ್ದರೆ ಹೇನು ಅಥವಾ ನುಸಿ ಇದೆಯಾ ನೋಡಿ. ಎದೆ ಮಾತ್ರ ಬೋಳಾಗಿ, ಕೋಳಿ ಮೊಟ್ಟೆಯ ಮೇಲಿಂದ ಏಳುತ್ತಿಲ್ಲ ಅಂದರೆ ಕಾವಿಗೆ ಕೂತಿದೆ, ಮೊಟ್ಟೆಗೆ ಮೈಶಾಖ ತಾಗಲಿ ಅಂತ ಅದರ ಎದೆ ಬೋಳಾಗುತ್ತದೆ, ಏನೂ ಮಾಡಬೇಕಿಲ್ಲ. ತಲೆ ಕುತ್ತಿಗೆಯಿಂದ ಶುರುವಾಗಿ ಹಿಂದಕ್ಕೆ ಉದುರುತ್ತಾ ಬಂದು, ಎಲ್ಲೆಲ್ಲೂ ಮುಳ್ಳು ಮುಳ್ಳು ಎಳೆ ಗರಿ ಕಾಣುತ್ತಿದ್ದರೆ ಅದು ವರ್ಷಕ್ಕೊಮ್ಮೆ ಆಗುವ ಪುಕ್ಕ ಬದಲಾವಣೆ, ಎಂಟರಿಂದ ಹನ್ನೆರಡು ವಾರ ಹಿಡಿಯುತ್ತದೆ.

ನನ್ನ ಕಂದು ಕೋಳಿಯ ವಿಷಯದಲ್ಲಿ ನಾನು ಕುತ್ತಿಗೆ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಕುತ್ತಿಗೆಯ ಪುಕ್ಕ ಒತ್ತೊತ್ತಾಗಿ ಹಾಗೇ ಇತ್ತು.

ನೆಲವನ್ನೂ ನೋಡಿ. ಕೋಳಿಗಳು ಇರುವ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಪುಕ್ಕ ಬಿದ್ದಿರುವುದು ಸಹಜ. ಒಂದೂ ಇಲ್ಲ ಅಂದರೆ ಯಾರೋ ಆರಿಸಿ ತಿನ್ನುತ್ತಿದ್ದಾರೆ.

ಯಾರು ಕೀಳುತ್ತಿದ್ದಾರೆ

ಗುಂಪಿನ ಜೋರು ಕೋಳಿಯ ಮೇಲೆ ಅನುಮಾನ ಬರುವುದು ಸಹಜ. ನನಗೂ ಬಂದಿತ್ತು. ಮಧ್ಯಾಹ್ನ ಒಂದು ಮಣೆ ಹಾಕಿಕೊಂಡು ಅಲುಗಾಡದೆ ಒಂದು ಗಂಟೆ ಕೂತೆ. ಮೊದಲ ಇಪ್ಪತ್ತು ನಿಮಿಷ ಕೋಳಿಗಳು ನನ್ನನ್ನೇ ನೋಡುತ್ತಿದ್ದವು, ಆಮೇಲೆ ಮರೆತವು. ಜೋರು ಕೋಳಿ ಒಂದೆರಡು ಸಲ ಬೇರೆಯವರ ತಲೆಗೆ ಕುಕ್ಕಿ ದಾರಿ ಬಿಡಿಸಿಕೊಂಡಿತು, ಅಷ್ಟೇ. ಕೀಳುತ್ತಿದ್ದದ್ದು ಒಂದು ಮೌನದ ಕಪ್ಪು ಕೋಳಿ. ಕಂದು ಕೋಳಿ ಮಣ್ಣಲ್ಲಿ ಮಲಗಿ ಕಣ್ಣು ಮುಚ್ಚಿತ್ತು, ಈ ಕಪ್ಪು ಕೋಳಿ ಹಿಂದಿನಿಂದ ಬಂದು, ಕತ್ತು ಓರೆ ಮಾಡಿ, ಒಂದೇ ಒಂದು ಪುಕ್ಕ ಹಿಡಿದು ಚಕ್ಕನೆ ಎಳೆಯಿತು. ಕೊಕ್ಕಿನಲ್ಲಿ ಎರಡು ಸಲ ತಿರುಗಿಸಿ, ಬುಡದ ಕಡೆಯಿಂದ ನುಂಗಿತು. ಸಿಟ್ಟೂ ಇಲ್ಲ, ಸದ್ದೂ ಇಲ್ಲ. ಹುಲ್ಲಿನ ಎಳೆ ಕಿತ್ತ ಹಾಗೆ.

ಆ ದೃಶ್ಯದಲ್ಲೇ ಎಲ್ಲ ಇದೆ. ಪುಕ್ಕ ಕೀಳುವುದು ಜಗಳ ಅಲ್ಲ. ನೆಲ ಕೆದಕಿ, ಕುಕ್ಕಿ, ಹುಡುಕಿ ತಿನ್ನಬೇಕಾದ ಕೊಕ್ಕು ಕೆಲಸ ಇಲ್ಲದೆ ಪಕ್ಕದ ಕೋಳಿಯ ಮೈಮೇಲೆ ಹೋಗಿದೆ. ಕಾಡುಕೋಳಿಗಳು ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ನೆಲ ಕುಕ್ಕುವುದರಲ್ಲೇ ಕಳೆಯುತ್ತವೆ. ನಾವು ಪಾತ್ರೆಯಲ್ಲಿ ಗುಳಿಗೆ ಮೇವು ತುಂಬಿ ಕೊಟ್ಟರೆ ಹೊಟ್ಟೆ ಬೇಗ ತುಂಬುತ್ತದೆ, ಆದರೆ ಕುಕ್ಕುವ ಆಸೆ ಹಾಗೇ ಉಳಿಯುತ್ತದೆ. ಆ ಕೋಳಿಗೆ ಶಿಕ್ಷೆ ಕೊಟ್ಟು ಪ್ರಯೋಜನ ಇಲ್ಲ.

ಆದರೂ ಚಟ ಹಬ್ಬುತ್ತದೆ, ಒಂದನ್ನು ನೋಡಿ ಇನ್ನೊಂದು ಕಲಿಯುತ್ತದೆ. ಹಾಗಾಗಿ ಕೀಳುವ ಕೋಳಿಯನ್ನು ನಾಲ್ಕೈದು ದಿನದಿಂದ ಒಂದು ವಾರ ಬೇರೆ ಇಡಿ. ಈ ಸಲ ಗುಂಪು ಕಾಣದ ಹಾಗೆ, ಯಾಕೆಂದರೆ ಇದರ ಜಾಗ ಸರದಿಯಲ್ಲಿ ಕೆಳಗೆ ಇಳಿದರೆ ಒಳ್ಳೆಯದೇ. ಆ ವಾರದಲ್ಲಿ ಕೆಳಗಿನದ್ದನ್ನೆಲ್ಲ ಸರಿ ಮಾಡಿ.

ಕೊಕ್ಕಿಗೆ ಕೆಲಸ, ಹೊಟ್ಟೆಗೆ ಸರಿಯಾದ ಮೇವು

ನೆಲಕ್ಕೆ ಒಣಹುಲ್ಲು, ಮರದ ಹೊಟ್ಟು ಅಥವಾ ಒಣಗಿದ ಎಲೆ ಒಂದು ಗೇಣು ದಪ್ಪ ಹಾಸಿ. ದಿನದ ಕಾಳನ್ನು ಪಾತ್ರೆಗೆ ಹಾಕದೆ ಅದರೊಳಗೆ ಎರಚಿ, ಬೆಳಿಗ್ಗೆ ಸ್ವಲ್ಪ, ಮಧ್ಯಾಹ್ನ ಸ್ವಲ್ಪ. ಕೆದಕಿ ಹುಡುಕಲಿ. ಎಲೆಕೋಸನ್ನು ಇಡಿಯಾಗಿ, ಕೋಳಿಯ ತಲೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ನೇತುಹಾಕಿ, ಅದು ತೂಗಾಡುವುದರಿಂದ ಕುಕ್ಕಿ ಮುಗಿಸಲು ಬಹಳ ಹೊತ್ತು ಬೇಕು. ಹುಲ್ಲಿನ ಕಂತೆಯನ್ನು ಬಿಚ್ಚದೆ ಹಾಗೇ ಇಡಿ, ಅವೇ ಬಿಚ್ಚಿಕೊಳ್ಳುತ್ತವೆ. ಮಣ್ಣುಸ್ನಾನಕ್ಕೆ ಒಣ ಮಣ್ಣು, ಮರಳು ತುಂಬಿದ ಒಂದು ತಗ್ಗು ಇರಲೇಬೇಕು, ಮಳೆ ಬೀಳದ ಕಡೆ. ನನ್ನ ಪ್ರಕಾರ ನೂರು ಉಪಾಯಕ್ಕಿಂತ ಈ ಒಂದು ಪ್ಯಾರಾ ಮುಖ್ಯ. ಮತ್ತು ಇದು ಮರಿಗಳಿಗೂ ಸೇರಿದ್ದು: ಮೊದಲ ದಿನದಿಂದಲೇ ಕೆದಕಲು ಹೊಟ್ಟು ಸಿಕ್ಕ ಮರಿಗಳು ದೊಡ್ಡವಾದ ಮೇಲೆ ಪುಕ್ಕ ಕೀಳುವುದು ಕಡಿಮೆ.

ಮೇವು. ಪುಕ್ಕದ ಬಹುಪಾಲು ಪ್ರೋಟೀನ್, ಅದರಲ್ಲೂ ಗಂಧಕ ಇರುವ ಬಗೆಯದ್ದು. ಮೇವಿನಲ್ಲಿ ಮೆಥಿಯೋನಿನ್ ಅನ್ನುವ ಅಂಶ ಕಡಿಮೆಯಾದರೆ ಕೋಳಿಗಳು ಪುಕ್ಕದ ಕಡೆ ತಿರುಗುವ ಸಾಧ್ಯತೆ ಜಾಸ್ತಿ. ಮೊಟ್ಟೆ ಕೋಳಿಯ ಮೇವಿನಲ್ಲಿ ಪ್ರೋಟೀನ್ 16ರಿಂದ 18 ಶೇಕಡಾ ಇರಲಿ, ಪುಕ್ಕ ಬದಲಾಗುವ ಕಾಲದಲ್ಲಿ 20ರವರೆಗೆ ಏರಿಸಬಹುದು. ಬರೀ ಜೋಳ, ಬರೀ ಅಡುಗೆಮನೆಯ ಉಳಿಕೆ ಹಾಕಿ ಸಾಕಿದರೆ ಇಷ್ಟು ಬರುವುದಿಲ್ಲ. ಪ್ರೀತಿಗೆ ಹಾಕುವ ತಿಂಡಿಗಳು ಒಟ್ಟು ಮೇವಿನ ಹತ್ತನೇ ಒಂದು ಭಾಗ ಮೀರದಿರಲಿ. ನೀವೇ ಮೇವು ಕಲಸುವವರಾದರೆ ಉಪ್ಪು ಮರೆಯಬೇಡಿ: ನೂರು ಕೆಜಿಗೆ ಸುಮಾರು 300 ಗ್ರಾಂ. ಉಪ್ಪು ಕಡಿಮೆಯಾದ ಗುಂಪು ರಕ್ತಕ್ಕೆ ಬೀಳುತ್ತದೆ, ಹಾಗಂತ ನೀರಿಗೆ ಉಪ್ಪು ಸುರಿದರೆ ವಿಷವಾಗುತ್ತದೆ, ಅಳತೆಯಲ್ಲೇ ಇರಲಿ. ಗುಳಿಗೆಗಿಂತ ಪುಡಿ ಮೇವು ತಿನ್ನಲು ಹೊತ್ತು ಹಿಡಿಯುತ್ತದೆ, ಕೊಕ್ಕು ಅಷ್ಟು ಹೊತ್ತು ಕೆಲಸದಲ್ಲಿರುತ್ತದೆ. ಮೇವು ಬದಲಿಸುವಾಗ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬದಲಿಸಿ, ಒಮ್ಮೆಲೇ ಬದಲಾದ ಮೇವೂ ಕುಕ್ಕಾಟ ಶುರು ಮಾಡಿಸುತ್ತದೆ.

ಜಾಗ: ಗೂಡಿನ ಒಳಗೆ ಒಂದು ಕೋಳಿಗೆ ಕನಿಷ್ಠ 4 ಚದರ ಅಡಿ, ಹೊರಗಿನ ಅಂಗಳದಲ್ಲಿ 10. ರಾತ್ರಿ ಕೂರುವ ಕೋಲಿನಲ್ಲಿ ಒಂದಕ್ಕೆ 20ರಿಂದ 25 ಸೆಂಟಿಮೀಟರ್. ಕೋಲು ಎತ್ತರಕ್ಕೆ ಇರಲಿ, ಕೆಳಗಿರುವ ಕೋಲಾದರೆ ಅದರ ಮೇಲೆ ಕೂತ ಕೋಳಿಯ ಹಿಂಭಾಗ ನಿಂತ ಕೋಳಿಯ ಕೊಕ್ಕಿಗೆ ಸರಿಯಾಗಿ ಸಿಗುತ್ತದೆ. ನಾಲ್ಕೈದು ಹೇಂಟೆಗೆ ಒಂದು ಮೊಟ್ಟೆಗೂಡು, ಮುಂದೆ ಒಂದು ಬಟ್ಟೆಯ ಪರದೆ, ಒಳಗೆ ಮಬ್ಬು. ಏಟು ತಿನ್ನುವ ಕೋಳಿ ಓಡಿ ಮರೆಯಾಗಲು ಒಂದು ಹಲಗೆ, ಒಂದು ಪೊದೆ ಏನಾದರೂ ಇರಲಿ. ಮೂಲೆಗೆ ಸಿಕ್ಕಿಕೊಳ್ಳುವ ಹಾಗೆ ಇಡಬೇಡಿ, ಎರಡೂ ಕಡೆಯಿಂದ ದಾರಿ ಇರಬೇಕು.

ದೀಪ ಹಾಕಿ ಮೊಟ್ಟೆ ಜಾಸ್ತಿ ತೆಗೆಯುವವರು ಹಗಲು ಸೇರಿ 16 ಗಂಟೆ ದಾಟಬೇಡಿ, ಪ್ರಖರ ದೀಪವೂ ಬೇಡ. ಸೆಖೆಯ ದಿನಗಳಲ್ಲಿ ನೆರಳು ಮತ್ತು ತಣ್ಣೀರು ಎರಡು ಮೂರು ಕಡೆ ಇರಲಿ, ಬಾಯಿ ತೆರೆದು ತೇಕುವ ಕೋಳಿಗಳು ಸಿಡುಕಾಗುತ್ತವೆ.

ಹೇನು, ನುಸಿ

ಕಡಿತ ತಡೆಯಲಾಗದೆ ತನ್ನ ಪುಕ್ಕವನ್ನೇ ಕಿತ್ತುಕೊಳ್ಳುವ ಕೋಳಿಗಳಿವೆ. ಹೇನು ಹಗಲಲ್ಲೂ ಮೈಮೇಲೇ ಇರುತ್ತದೆ, ಪುಕ್ಕದ ಬುಡದಲ್ಲಿ ಬಿಳಿ ಗಂಟಿನ ಹಾಗೆ ಅದರ ಸೀರು ಅಂಟಿರುತ್ತದೆ. ಕೆಂಪು ನುಸಿ ಹಾಗಲ್ಲ, ಹಗಲು ಮರದ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಕತ್ತಲಾಗಿ ಎರಡು ಗಂಟೆ ಆದ ಮೇಲೆ ಟಾರ್ಚ್ ಹಿಡಿದು ಹೋಗಿ, ಕೂರುವ ಕೋಲಿನ ತುದಿ ಗೋಡೆಗೆ ಸೇರುವ ಕಡೆ ಬಿಳಿ ಕಾಗದದಿಂದ ಒರೆಸಿ. ಕಾಗದದ ಮೇಲೆ ರಕ್ತದ ಗೆರೆ ಎಳೆದರೆ ಇದೆ ಅಂತ ಅರ್ಥ. ಔಷಧಿ ಕೋಳಿಗೆ ಮಾತ್ರ ಹಾಕಿದರೆ ಸಾಲದು, ಗೂಡಿನ ಹಾಸು ಪೂರ್ತಿ ತೆಗೆದು, ಸಂದಿಗೊಂದಿ ತೊಳೆದು ಒಣಗಿಸಿ ಅಲ್ಲಿಗೂ ಹಾಕಬೇಕು, ಮತ್ತು ಏಳರಿಂದ ಹತ್ತು ದಿನ ಬಿಟ್ಟು ಇನ್ನೊಮ್ಮೆ, ಯಾಕೆಂದರೆ ಮೊಟ್ಟೆಗಳು ಮೊದಲ ಸಲಕ್ಕೆ ಸಾಯುವುದಿಲ್ಲ. ಯಾವ ಔಷಧಿ ಅನ್ನುವುದನ್ನು ಮೊಟ್ಟೆ ಕೋಳಿಗೆ ಅಂತಲೇ ಕೇಳಿ ತಗೊಳ್ಳಿ.

ಇಷ್ಟಾದರೂ ನಿಲ್ಲದಿದ್ದರೆ

ಮೂಗಿನ ಹೊಳ್ಳೆಗೆ ಸಿಕ್ಕಿಸುವ, ಚುಚ್ಚದ ಪ್ಲಾಸ್ಟಿಕ್ ಕಣ್ಣಪಟ್ಟಿಗಳಿವೆ. ಎದುರಿಗೆ ನೇರ ನೋಟ ಮರೆಯಾಗುವುದರಿಂದ ಗುರಿಯಿಟ್ಟು ಕೀಳಲು ಆಗುವುದಿಲ್ಲ, ಮೇವು ನೀರು ಪಕ್ಕದ ನೋಟದಿಂದ ಹುಡುಕಿಕೊಳ್ಳುತ್ತವೆ. ಕೆಲವು ವಾರದ ಮಟ್ಟಿಗೆ, ಕೀಳುವ ಕೋಳಿಗೆ ಮಾತ್ರ, ದಿನವೂ ಮೂಗು ನೋಡುತ್ತಾ ಬಳಸಬಹುದು. ಮೂಗಿನ ನಡುವೆ ಮೊಳೆ ತೂರಿಸುವ ಬಗೆಯದ್ದು ಬೇಡ. ಕೊಕ್ಕು ಕತ್ತರಿಸುವುದಂತೂ ಬೇಡವೇ ಬೇಡ ಅನ್ನುತ್ತೇನೆ. ಕೊಕ್ಕು ಉಗುರಿನ ಹಾಗೆ ಅಲ್ಲ, ಒಳಗೆ ಮೂಳೆ ಇದೆ, ನರ ಇದೆ, ದೊಡ್ಡ ಕೋಳಿಗೆ ಅದು ಮಾಯದ ನೋವಾಗಿ ಉಳಿಯಬಹುದು. ಐದಾರು ಕೋಳಿ ಸಾಕುವ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ದಾರಿಗಳು ಇವೆ. ಚಟ ಬಿಡದ ಒಂದು ಕೋಳಿಗೆ ದೊಡ್ಡ ಜಾಗ ಇರುವ ಬೇರೆ ಮನೆ ಹುಡುಕುವುದೂ ಒಂದು ದಾರಿ, ಜಾಗ ಬದಲಾದ ಮೇಲೆ ಕೀಳುವುದನ್ನೇ ಬಿಟ್ಟ ಕೋಳಿಗಳುಂಟು.

ಕೊನೆಗೆ ಪುಕ್ಕ ವಾಪಸ್ ಬರುವ ಮಾತು. ಬುಡಸಮೇತ ಕಿತ್ತುಬಂದ ಪುಕ್ಕದ ಜಾಗದಲ್ಲಿ ಕೆಲವು ವಾರಕ್ಕೇ ಹೊಸದು ಮೊಳೆಯುತ್ತದೆ. ನಡುವೆ ತುಂಡಾದದ್ದು ಹಾಗಲ್ಲ, ಮುರಿದ ಬುಡ ಚರ್ಮದಲ್ಲೇ ಕೂತಿರುತ್ತದೆ, ಮುಂದಿನ ಪುಕ್ಕ ಬದಲಾವಣೆಯಲ್ಲಿ ಅದು ಉದುರುವವರೆಗೂ ಹೊಸದು ಬರುವುದಿಲ್ಲ. ಬೆರಳಾಡಿಸಿ ನೋಡಿ: ನುಣ್ಣಗಿದ್ದರೆ ಬೇಗ ಬರುತ್ತದೆ, ಮೂರು ದಿನದ ಗಡ್ಡದ ಹಾಗೆ ಚುಚ್ಚಿದರೆ ಕಾಯಬೇಕು. ಆ ಮೊಳೆಯುವ ಹೊತ್ತೇ ಮತ್ತೆ ಅಪಾಯದ ಹೊತ್ತು, ಆ ಕಪ್ಪು ನೀಲಿ ಎಳೆ ಗರಿಗಳು ಕೀಳುವ ಕೋಳಿಯ ಕಣ್ಣಿಗೆ ಬೀಳುತ್ತವೆ. ಹಾಗಾಗಿ ಗರಿ ಬಿಡಿಸಿಕೊಂಡು ಅಗಲವಾಗಿ ಹರಡುವ ತನಕ ಬೆನ್ನಿನ ಹೊದಿಕೆ ಇರಲಿ. ವಾರಕ್ಕೊಮ್ಮೆ ತೆಗೆದು ಒಗೆಯಿರಿ, ಕೆಳಗೆ ಹೇನು ಸೇರಿದೆಯಾ ನೋಡಿ, ಒಣಗಿದ ಮೇಲೆ ಮತ್ತೆ ತೊಡಿಸಿ. ನನ್ನ ಕಂದು ಕೋಳಿಗೆ ನಾನು ಅದನ್ನು ಬಿಚ್ಚಿದ್ದು ಐದು ತಿಂಗಳ ಮೇಲೆ.